ಮನೆಯಲ್ಲೇ ಕಲಿಯುವ ಮಕ್ಕಳು ಮಲೆನಾಡಿಗೆ ಹೊರಟಾಗ

ಮಾರ್ಚ್ ತಿಂಗಳೆಂದರೆ ಬಹುಪಾಲು ಮನೆಗಳಲ್ಲಿ ಪರೀಕ್ಷೆಯ ಕಾಲ. ಟಿ.ವಿ. ಬಂದ್, ಆಟ ಬಂದ್. ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಬಂದ ಮೇಲೆಯೇ ಅಜ್ಜಿಯ ಮನೆ, ಪ್ರವಾಸದ ಮಾತು. ಆದರೆ ಈಗ ಕೆಲವು ಮನೆಗಳಲ್ಲಿ ಈ ಲೆಕ್ಕ ಬದಲಾಗಿದೆ. ಮಕ್ಕಳನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ತಾವೇ ಕಲಿಸುವ ತಂದೆತಾಯಂದಿರು ಬೆಂಗಳೂರಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. 'ಹೋಂ ಸ್ಕೂಲಿಂಗ್' ಎಂಬ ಹೆಸರಿನ ಈ ಪದ್ಧತಿಯಲ್ಲಿ ಬೆಳೆದ ಮಕ್ಕಳು ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಶಾಲೆಯ ಗಂಟೆ ಇಲ್ಲದ ಇವರಿಗೆ ರಜೆಯ ಕಟ್ಟುಪಾಡೂ ಇಲ್ಲ. ಜನಸಂದಣಿ ಇಲ್ಲದ, ವಸತಿ ಸುಲಭವಾಗಿ ಸಿಗುವ ಮಾರ್ಚ್‌ನಲ್ಲೇ ಹೊರಟುಬಿಡುತ್ತಾರೆ.

ಕೆಂಗೇರಿ ಉಪನಗರದ ಅಂಥ ಒಂದು ಕುಟುಂಬದವರು ಪ್ರವಾಸಕ್ಕೆ ಮೊದಲು ಸಲಹೆ ಕೇಳಲು ಬಂದಿದ್ದರು. ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಜೊತೆಗೆ ಗೆಳೆಯರ ಎರಡು ಕುಟುಂಬ. ಒಟ್ಟು ಆರು ಮಂದಿ ದೊಡ್ಡವರು, ಏಳು ಮಕ್ಕಳು, ಒಂದು ಟೆಂಪೊ ಟ್ರಾವೆಲರ್. ಸಾಗರ, ಜೋಗ, ತೀರ್ಥಹಳ್ಳಿ, ಆಗುಂಬೆ ನೋಡಿಕೊಂಡು ಘಟ್ಟ ಇಳಿದು ಮಲ್ಪೆಯ ಕಡಲತೀರ, ಐದು ದಿನ. "ಡಾಕ್ಟ್ರೇ, ವಾಂತಿಗೆ, ಭೇದಿಗೆ ಒಂದಿಷ್ಟು ಮಾತ್ರೆ ಬರೆದುಕೊಡಿ, ಸಾಕು" ಎಂದರು ತಾಯಿ. "ಬರೆದುಕೊಡೋಣಮ್ಮ. ಮೊದಲು ಮಕ್ಕಳ ಲಸಿಕೆ ಕಾರ್ಡು ತನ್ನಿ" ಎಂದೆ. ಹುಡುಗನ ಕಾರ್ಡಿನಲ್ಲಿ ಒಂದೂವರೆ ವರ್ಷದ ನಂತರದ ಅಂಕಣಗಳೆಲ್ಲ ಖಾಲಿ. ಹುಡುಗಿಗೆ ಹತ್ತನೆಯ ವರ್ಷದ ಚುಚ್ಚುಮದ್ದು ಆಗಿರಲಿಲ್ಲ. ತಂದೆತಾಯಿ ಓದಿದವರು, ಮಕ್ಕಳ ಬಗ್ಗೆ ಬಹಳ ಕಾಳಜಿಯುಳ್ಳವರು. ಆದರೂ ಹೀಗೇಕಾಯಿತು?

ಶಾಲೆ ಸದ್ದಿಲ್ಲದೆ ಮಾಡುವ ಕೆಲಸ

ನಾವು ಗಮನಿಸದೆಯೇ ಶಾಲೆಯು ಪಾಠದ ಜೊತೆಗೆ ಆರೋಗ್ಯದ ಕೆಲಸವನ್ನೂ ಮಾಡುತ್ತಿರುತ್ತದೆ. ಫೆಬ್ರುವರಿ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. 2015ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಶಾಲೆ ಮತ್ತು ಅಂಗನವಾಡಿಗಳಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಅಗಿದು ತಿನ್ನಿಸುತ್ತಾರೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದಾಗಲೂ ದೊಡ್ಡ ಪಾಲು ಮಕ್ಕಳಿಗೆ ಲಸಿಕೆ ಸಿಕ್ಕಿದ್ದು ಶಾಲೆಯಲ್ಲೇ. ಕರಿಹಲಗೆಯ ಅಕ್ಷರ ಕಾಣದೆ ಕಣ್ಣು ಕಿರಿದು ಮಾಡುವ ಮಗುವನ್ನು ಮೊದಲು ಗುರುತಿಸುವವರು ಸಾಮಾನ್ಯವಾಗಿ ಶಿಕ್ಷಕರು. ಮನೆಯಲ್ಲಿ ಕರಿಹಲಗೆ ಇಲ್ಲ. ಪುಸ್ತಕ ಹತ್ತಿರ ಹಿಡಿದು ಓದುವ ಮಗುವಿನ ದೂರದೃಷ್ಟಿ ಕುಂದಿದ್ದು ವರ್ಷಗಟ್ಟಲೆ ತಿಳಿಯದೇ ಹೋಗಬಹುದು.

ಶಾಲೆ ಬಿಡಿಸಿದ ಮೇಲೆ ಈ ಕೆಲಸವೆಲ್ಲ ತಂದೆತಾಯಿಯ ಪಾಲಿಗೆ ಬರುತ್ತದೆ. ಹೀಗಾಗಿ ಇವಿಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡುವುದು ಒಳ್ಳೆಯದು. ಐದರಿಂದ ಆರು ವರ್ಷದೊಳಗೆ ಡಿ.ಪಿ.ಟಿ. ಲಸಿಕೆಯ ಎರಡನೆಯ ಬೂಸ್ಟರ್. ಹತ್ತನೆಯ ಮತ್ತು ಹದಿನಾರನೆಯ ವರ್ಷಕ್ಕೆ ಟಿ.ಡಿ., ಅಂದರೆ ಧನುರ್ವಾಯು ಮತ್ತು ಗಂಟಲುಮಾರಿಯ ಚುಚ್ಚುಮದ್ದು. ವರ್ಷಕ್ಕೊಮ್ಮೆ ಕಣ್ಣು, ಹಲ್ಲು, ಎತ್ತರ, ತೂಕದ ಪರೀಕ್ಷೆ. ಜಂತುಹುಳುವಿನ ಮಾತ್ರೆಯನ್ನು ಶಾಲೆಗೆ ಹೋಗದ ಮಕ್ಕಳಿಗೂ ಅಂಗನವಾಡಿಯಲ್ಲಿ ಕೊಡುತ್ತಾರೆ. ಲಸಿಕೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಬರಿಗಾಲಲ್ಲಿ ತೋಟ, ಹೊಳೆ ಎಂದು ತಿರುಗಲು ಹೊರಟ ಮಕ್ಕಳಿಗೆ ಧನುರ್ವಾಯುವಿನ ರಕ್ಷಣೆ ಇದೆಯೇ ಎಂದು ಮೊದಲೇ ನೋಡಬೇಕು. ಹೊರಡುವ ಹಿಂದಿನ ದಿನ ಓಡುವುದಲ್ಲ, ಎರಡು ಮೂರು ವಾರ ಮುಂಚೆ.

ಮಾರ್ಚ್ ತಿಂಗಳ ಮಂಗನ ಕಾಯಿಲೆ

ಇನ್ನೊಂದು ಮುಖ್ಯ ವಿಚಾರ. ಶಾಲೆಯ ರಜೆಗೆ ಕಾಯದೆ ಮಾರ್ಚ್‌ನಲ್ಲಿ ಹೊರಡುವವರು ಮಲೆನಾಡಿಗೆ ಕಾಲಿಡುವುದು ಮಂಗನ ಕಾಯಿಲೆಯ ಹಂಗಾಮಿನಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಯವರಿಗೂ ಜ್ವರ ಹಬ್ಬಿತು. ಆಫ್ರಿಕಾದ ಹಳದಿ ಜ್ವರವೇ ಇಲ್ಲಿಗೆ ಬಂತೇನೋ ಎಂದು ಮೊದಲು ಹೆದರಿದ್ದರು. ಪರೀಕ್ಷಿಸಿದಾಗ ಅದು ಹೊಸ ವೈರಸ್ ಎಂದು ತಿಳಿಯಿತು. ಹೀಗೆ ನಮ್ಮ ಒಂದು ಕಾಡಿನ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳನ್ನು ಸೇರಿತು. 2018ರ ಡಿಸೆಂಬರ್‌ನಿಂದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಮತ್ತೆ ಉಲ್ಬಣಿಸಿ ಹಲವರ ಪ್ರಾಣ ತೆಗೆದದ್ದು ಓದುಗರಿಗೆ ನೆನಪಿರಬಹುದು. ಇದು ಶಿವಮೊಗ್ಗಕ್ಕಷ್ಟೇ ಸೀಮಿತವೂ ಅಲ್ಲ. 2012ರಲ್ಲಿ ಬಂಡೀಪುರದಲ್ಲಿ, ಬಳಿಕ ಕೇರಳದ ವಯನಾಡಿನಲ್ಲಿ, ಗೋವಾದಲ್ಲಿ ಕೂಡ ಕಾಣಿಸಿಕೊಂಡಿದೆ.

ಹೆಸರು ಮಂಗನ ಕಾಯಿಲೆಯಾದರೂ ಮನುಷ್ಯರಿಗೆ ಅಂಟಿಸುವುದು ಉಣ್ಣೆ, ಮಲೆನಾಡಿನವರ ಮಾತಿನಲ್ಲಿ ಉಣುಗು. ಸೋಂಕು ತಗಲಿ ಸತ್ತ ಮಂಗನ ಮೈಯಿಂದ ಉದುರುವ ಉಣ್ಣೆಗಳು ಆ ಜಾಗದ ತರಗೆಲೆಯಲ್ಲಿ ಹರಡುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಎಳೆಯ ಉಣ್ಣೆ. ಸಾಸಿವೆ ಕಾಳಿಗಿಂತಲೂ ಚಿಕ್ಕದು, ಕಚ್ಚಿದ್ದು ಗೊತ್ತೇ ಆಗದು. ಈ ಎಳೆಯ ಉಣ್ಣೆಗಳು ಕಾಡಿನಲ್ಲಿ ತುಂಬಿರುವುದು ಡಿಸೆಂಬರ್‌ನಿಂದ ಮೇವರೆಗೆ. ಮಳೆ ಹಿಡಿದ ಮೇಲೆ ರೋಗ ಅಡಗುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಪ್ರವಾಸಿಗಳು ಹಾಕಿಸಿಕೊಳ್ಳಬಹುದಾದ ಲಸಿಕೆ ಈಗ ಇಲ್ಲ. ಹಿಂದೆ ಅಲ್ಲಿನ ಜನರಿಗೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡದ್ದರಿಂದ ನಿಂತುಹೋಗಿದೆ. ಹೊಸದರ ತಯಾರಿ ನಡೆದಿದೆ.

ಹಾಗಾದರೆ ಹೋಗಲೇಬಾರದೆ? ಹಾಗೇನಿಲ್ಲ. ಜೋಗ ನೋಡುವುದಕ್ಕೆ, ಡಾಂಬರು ರಸ್ತೆಯ ಊರುಗಳಲ್ಲಿ ತಂಗುವುದಕ್ಕೆ ಅಡ್ಡಿಯಿಲ್ಲ. ಜಾಗ್ರತೆ ಬೇಕಾದದ್ದು ಕಾಡಿನ ಒಳದಾರಿಯಲ್ಲಿ. ತಂಗುವ ಮನೆಯವರನ್ನೋ ಆಶಾ ಕಾರ್ಯಕರ್ತೆಯನ್ನೋ "ಈ ಕಡೆ ಈ ವರ್ಷ ಮಂಗ ಸತ್ತಿದೆಯಾ?" ಎಂದು ಕೇಳಿ. ಹೌದೆಂದರೆ ಆ ಕಡೆಯ ಕಾಡಿಗೆ ಮಕ್ಕಳನ್ನು ಕರೆದೊಯ್ಯಬೇಡಿ. ಬೇರೆಡೆಯಲ್ಲೂ ಕಾಡಿನಲ್ಲಿ ನಡೆಯುವಾಗ ಉದ್ದ ತೋಳಿನ ಅಂಗಿ, ಕಾಲ್ಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಮುಚ್ಚಿದ ಬೂಟು ಇರಲಿ. ಮೈಗೆ ಹಚ್ಚುವ 'ಡೀಟ್' ಇರುವ ಮುಲಾಮು ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಚಿಕ್ಕ ಮಕ್ಕಳ ಮುಖಕ್ಕೆ, ಅಂಗೈಗೆ ಹಚ್ಚಬೇಡಿ. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮುಟ್ಟದೆ ಊರಿನವರಿಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತಂಗುದಾಣಕ್ಕೆ ಮರಳಿದ ಕೂಡಲೇ ಬಟ್ಟೆ ಬದಲಿಸಿ, ಬಿಸಿನೀರು, ಸೋಪಿನ ಸ್ನಾನ ಮಾಡಿಸಿ, ಮಕ್ಕಳ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಮೊಣಕಾಲ ಹಿಂಭಾಗ ನೋಡಿ.

ಉಣ್ಣೆ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಸುರಿಯುವುದು, ಬೀಡಿಯ ಬೆಂಕಿ ತಾಗಿಸುವುದು ತಪ್ಪು. ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಬೇಕು. ಉಗುರಿನಲ್ಲಿ ಹೊಸಕಬಾರದು. ಆಮೇಲೆ ಸೋಪಿನಲ್ಲಿ ತೊಳೆದು, ತಾರೀಖು ಬರೆದಿಡಿ.

ಬೆಂಗಳೂರಿಗೆ ಬಂದ ಮೇಲೆ ಜ್ವರ

ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಈ ಜ್ವರ ಬರುತ್ತದೆ. ಐದು ದಿನದ ಪ್ರವಾಸವೆಂದರೆ ಜ್ವರ ಬರುವ ಹೊತ್ತಿಗೆ ಕುಟುಂಬ ಕೆಂಗೇರಿಗೆ ವಾಪಸಾಗಿರುತ್ತದೆ. ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಕಾಲಿನ ಸ್ನಾಯುಗಳ ವಿಪರೀತ ನೋವು, ವಾಂತಿ, ಕಣ್ಣು ಕೆಂಪಾಗುವುದು, ಕೆಲವರಲ್ಲಿ ವಸಡು ಅಥವಾ ಮೂಗಿನಿಂದ ರಕ್ತ. ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳು, ಪ್ಲೇಟ್‌ಲೆಟ್ ಕಡಿಮೆ. ಇಲ್ಲಿನ ವೈದ್ಯರಿಗೆ ಮೊದಲು ನೆನಪಾಗುವುದು ಡೆಂಗಿ. "ಹೋದ ವಾರ ಸಾಗರದ ಕಾಡಿಗೆ ಹೋಗಿದ್ದೆವು" ಎಂಬ ಒಂದು ಮಾತು ಇಡೀ ಚಿಕಿತ್ಸೆಯ ದಿಕ್ಕನ್ನು ಬದಲಿಸಬಲ್ಲದು. ಆ ಮಾತನ್ನು ವೈದ್ಯರು ಕೇಳುವವರೆಗೆ ಕಾಯಬೇಡಿ, ನೀವೇ ಹೇಳಿ.

ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲದಿದ್ದರೂ ಬೇಗ ಆಸ್ಪತ್ರೆಗೆ ಸೇರಿಸಿ ನೀರಿನಂಶ, ರಕ್ತಸ್ರಾವ ನೋಡಿಕೊಂಡರೆ ಬಹುಪಾಲು ರೋಗಿಗಳು ಗುಣವಾಗುತ್ತಾರೆ. ನೂರಕ್ಕೆ ಸುಮಾರು 3ರಿಂದ 5 ಮಂದಿ ಸಾಯುವ ಕಾಯಿಲೆ ಇದು; ಉದಾಸೀನ ಸಲ್ಲದು. ಕೆಲವರಿಗೆ ಜ್ವರ ಇಳಿದು ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ; ಆಗ ಕುತ್ತಿಗೆ ಬಿಗಿತ, ನಡುಕ, ಮಂಪರು ಇರಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಮಗುವಿನ ತೂಕಕ್ಕೆ ತಕ್ಕಂತೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುವುದರಿಂದ ಬೇಡ.

ಎಲ್ಲರೂ ಇದ್ದಾರೆ ಎಂದಾಗ

ಮಂಗನ ಕಾಯಿಲೆ ಅಪರೂಪದ್ದು. ಆದರೆ ನೀರಿನ ಅಪಾಯ ಪ್ರತಿ ಬೇಸಿಗೆಯದ್ದು. ಮಂಚನಬೆಲೆ ಜಲಾಶಯದಲ್ಲಿ ವಿಹಾರಕ್ಕೆ ಹೋಗಿ ಮುಳುಗಿದವರ ಸುದ್ದಿ ಕೆಂಗೇರಿಯವರಿಗೆ ಹೊಸದಲ್ಲ. ಹಲವು ಕುಟುಂಬಗಳು ಒಟ್ಟಿಗೆ ಹೋದಾಗ ಒಂದು ವಿಚಿತ್ರ ನಡೆಯುತ್ತದೆ. ದೊಡ್ಡವರು ಆರು ಮಂದಿ ಇದ್ದರೂ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗಿ ಕೈ ಬೀಸುವುದಿಲ್ಲ. ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದಿರುತ್ತದೆ.

ಆದ್ದರಿಂದ ನೀರಿನ ಹತ್ತಿರ ಇರುವಷ್ಟು ಹೊತ್ತೂ ಸರದಿ ಹಾಕಿಕೊಳ್ಳಿ. ಅರ್ಧ ಗಂಟೆ ಒಬ್ಬರು, ಮುಂದಿನ ಅರ್ಧ ಗಂಟೆ ಇನ್ನೊಬ್ಬರು. ಸರದಿಯವರ ಕೈಯಲ್ಲಿ ಮೊಬೈಲು, ಇಸ್ಪೀಟು ಇರಬಾರದು, ಮದ್ಯವಂತೂ ಕೂಡದು. ಚಿಕ್ಕ ಮಕ್ಕಳು ಕೈಗೆ ಎಟಕುವಷ್ಟು ಹತ್ತಿರವಿರಲಿ. ತುಂಗೆಯಾಗಲಿ, ಶರಾವತಿಯ ಹಿನ್ನೀರಾಗಲಿ, ಮಲ್ಪೆಯ ಕಡಲಾಗಲಿ, ಸ್ಥಳೀಯರು ಇಳಿಯಬೇಡಿ ಎಂದ ಜಾಗದಲ್ಲಿ ಇಳಿಯಬೇಡಿ.

ಮುಳುಗಿದ ಮಗುವನ್ನು ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಹೊತ್ತು ಕಳೆಯುವ ಕೆಲಸ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಉಸಿರು ತುಂಬಿ. ಬಳಿಕ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಉಸಿರು ಕೊಡಿ. ಮಗು ಉಸಿರಾಡುವವರೆಗೆ ಅಥವಾ ನೆರವು ಬರುವವರೆಗೆ ಹೀಗೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಗುಂಪಿನಲ್ಲಿ ಇಬ್ಬರಾದರೂ ಇದನ್ನು ಹೊರಡುವ ಮುಂಚೆ ಕಲಿತಿರುವುದು ಮೇಲು.

ಗೆಳೆಯರ ಜೊತೆ ಬರುವ ಸೋಂಕು

ಮನೆಯಲ್ಲೇ ಕಲಿಯುವ ಮಕ್ಕಳು ಶಾಲೆಯ ಗುಂಪಿನಲ್ಲಿ ಬೆರೆಯದ ಕಾರಣ ಸೀತಾಳೆ ಸಿಡುಬು, ಮಂಗನಬಾವುಗಳನ್ನು ಚಿಕ್ಕಂದಿನಲ್ಲಿ ಕಾಣದೆ ಇರುವುದುಂಟು. ಅದು ಅದೃಷ್ಟವೆಂದುಕೊಳ್ಳಬೇಡಿ. ಸೀತಾಳೆ ಸಿಡುಬು ದೊಡ್ಡ ವಯಸ್ಸಿನಲ್ಲಿ ಬಂದರೆ ಹೆಚ್ಚು ಕಾಡುತ್ತದೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಅಂಟಲು ಶುರುವಾಗುತ್ತದೆ. ಒಂದೇ ವಾಹನ, ಒಂದೇ ಕೋಣೆಯಲ್ಲಿ ಐದು ದಿನ ಕಳೆದರೆ ಏಳು ಮಕ್ಕಳಿಗೂ ಹಂಚಿಕೆಯಾದೀತು. ಇವೆರಡರ ಲಸಿಕೆ ಸರ್ಕಾರದ ಪಟ್ಟಿಯಲ್ಲಿಲ್ಲ, ಖಾಸಗಿಯಾಗಿ ಹಾಕಿಸಬೇಕು. ಯಾರದೇ ಮಗುವಿಗೆ ಜ್ವರ, ಗುಳ್ಳೆ, ಕೆನ್ನೆಯ ಊತ ಇದ್ದರೆ ಸಂಕೋಚ ಬಿಟ್ಟು ಹೇಳಿ, ಪ್ರವಾಸ ಮುಂದೂಡಿ. ಗುಂಪಿನಲ್ಲಿ ಗರ್ಭಿಣಿ ಇದ್ದರಂತೂ ಇದು ಕಡ್ಡಾಯ. ರಜೆಗೆ ಶಾಲೆಯ ಅಪ್ಪಣೆ ಬೇಡದವರಿಗೆ ವಾರ ಮುಂದೂಡುವುದೇನು ಕಷ್ಟ?

ದಾರಿಯ ತೊಂದರೆಗಳು

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ವಾಂತಿಯಾಗುವ ಮಗುವಿಗೆ ಹೊರಡುವ ಮೊದಲು ಎಣ್ಣೆಯಿಲ್ಲದ ಹಗುರ ತಿಂಡಿ ಕೊಡಿ. ಮುಂದಿನ ಸೀಟಿನಲ್ಲಿ ಕೂರಿಸಿ ದೂರದ ದಾರಿ ನೋಡಲು ಹೇಳಿ. ಪುಸ್ತಕ, ಮೊಬೈಲು ಬೇಡ. ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಮುಂಚಿತವಾಗಿಯೇ ಕೊಡಬೇಕು.

ಭೇದಿಗೆ ಮುಖ್ಯ ಔಷಧ ಓ.ಆರ್.ಎಸ್. ಒಂದು ಲೀಟರಿನ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಪೂರ್ತಿ ಬೆರೆಸಿ. ಲೋಟಕ್ಕೆ ಚಿಟಿಕೆ ಎಂದು ಅಂದಾಜು ಮಾಡಬೇಡಿ. 24 ಗಂಟೆ ಕಳೆದ ಮೇಲೆ ಚೆಲ್ಲಿಬಿಡಿ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿ ನಿಲ್ಲಿಸುವ ಮಾತ್ರೆಗಳು ಮಕ್ಕಳಿಗೆ ಸಲ್ಲ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಆರು ಗಂಟೆ ಮೂತ್ರವಿಲ್ಲದಿರುವುದು, ಮಂಪರು ಕಂಡರೆ ಆಸ್ಪತ್ರೆಗೆ ಒಯ್ಯಿರಿ.

ಪ್ರವಾಸಿ ತಾಣಗಳಲ್ಲಿ ಮಂಗಗಳಿಗೆ ತಿಂಡಿ ಕೊಡಬೇಡಿ. ಕಚ್ಚಿದರೆ, ಪರಚಿದರೆ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಹುಚ್ಚುನಾಯಿ ರೋಗದ ಚುಚ್ಚುಮದ್ದು ಆರಂಭಿಸಬೇಕು. ಊರಿಗೆ ಬಂದು ನೋಡೋಣ ಎನ್ನುವುದು ಸರಿಯಲ್ಲ.

ಜೊತೆಗಿರಲಿ

* ಲಸಿಕೆ ಕಾರ್ಡಿನ ನಕಲು, ಪ್ರತಿ ಮಗುವಿನ ತೂಕ ಮತ್ತು ಅಲರ್ಜಿಯ ವಿವರ ಬರೆದ ಚೀಟಿ
* ಓ.ಆರ್.ಎಸ್. ಪೊಟ್ಟಣ, ಪ್ಯಾರಾಸಿಟಮಾಲ್, ಥರ್ಮಾಮೀಟರ್
* ಚೂಪು ತುದಿಯ ಚಿಮುಟ, ಡೀಟ್ ಮುಲಾಮು, ಸೋಪು
* ಹತ್ತಿ, ಬ್ಯಾಂಡೇಜು, ಟಾರ್ಚು
* ಮಾಮೂಲಾಗಿ ತೆಗೆದುಕೊಳ್ಳುವ ಔಷಧಗಳು, ಎರಡು ದಿನಕ್ಕೆ ಹೆಚ್ಚಾಗಿಯೇ

ಮಕ್ಕಳಿಗೆ ಕಾಡು, ಹೊಳೆ, ಕಡಲು ತೋರಿಸುವುದು ಪುಸ್ತಕದ ಪಾಠಕ್ಕಿಂತ ಮಿಗಿಲು ಎಂದು ನಂಬುವ ತಂದೆತಾಯಂದಿರು ಉಣ್ಣೆಯನ್ನೂ ಆ ಪಾಠಕ್ಕೆ ಸೇರಿಸಬಹುದು. ಹನ್ನೊಂದು ವರ್ಷದ ಹುಡುಗಿ ಓ.ಆರ್.ಎಸ್. ಬೆರೆಸಲು, ತಮ್ಮನ ಕಿವಿಯ ಹಿಂದೆ ಉಣ್ಣೆ ಹುಡುಕಲು ಖಂಡಿತ ಕಲಿಯಬಲ್ಲಳು. ಪ್ರವಾಸ ಮುಗಿಸಿ ಬಂದ ಮೇಲೆ ಮೂರು ವಾರ ಮಕ್ಕಳ ಮೇಲೆ ಕಣ್ಣಿಡಿ. ಜ್ವರ ಬಂದರೆ ಹೋದ ಊರು, ಹೋದ ತಾರೀಖು ಬರೆದ ಚೀಟಿಯೊಡನೆ ವೈದ್ಯರನ್ನು ಕಾಣಿ.