ಬೆಳೆದಿದ್ದು ಮಾರಾಟವಾ, ಬೆಲೆಯಾ? ಯೂನಿಲಿವರ್‌ನ ಮೂರು ವರ್ಷದ ಲೆಕ್ಕ

ನಮ್ಮ ಚಿಕ್ಕಪ್ಪನಿಗೆ ನಿವೃತ್ತಿಯ ನಂತರ ಒಂದು ಚಟ ಅಂಟಿಕೊಂಡಿದೆ. ಕಂಪನಿಗಳ ವಾರ್ಷಿಕ ವರದಿ ಓದುವುದು. ಅವರ ಹತ್ತಿರ ಹಿಂದೂಸ್ತಾನ್ ಯೂನಿಲಿವರ್‌ನ ಒಂದಿಷ್ಟು ಷೇರುಗಳಿವೆ, ಹಾಗಾಗಿ ಅದರ ತಾಯಿ ಕಂಪನಿ ಲಂಡನ್ನಿನ ಯೂನಿಲಿವರ್ ಮೇಲೂ ಒಂದು ಕಣ್ಣು. ಮೊನ್ನೆ ಫೋನ್ ಮಾಡಿ, "ಏನೋ ಇದು? 2023ರಲ್ಲಿ ಮಾರಾಟ ಶೇ 7ರಷ್ಟು ಬೆಳೆಯಿತು ಅಂತ ಬರೆದಿದ್ದಾರೆ. ಕೆಳಗೆ ನೋಡಿದ್ರೆ ವಹಿವಾಟು ಶೇ 0.8 ಇಳಿದಿದೆ. ಎರಡರಲ್ಲಿ ಒಂದು ಸುಳ್ಳಿರಬೇಕಲ್ವಾ?" ಅಂದರು.

ಎರಡೂ ನಿಜ. ಅದನ್ನು ಬಿಡಿಸಿ ಹೇಳೋದಕ್ಕೆ ಅರ್ಧ ಗಂಟೆ ಹಿಡೀತು. ಆ ಅರ್ಧ ಗಂಟೆಯ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯೂನಿಲಿವರ್ ನೂರಾರು ದೇಶಗಳಲ್ಲಿ ಸಾಬೂನು, ಶಾಂಪೂ, ಐಸ್‌ಕ್ರೀಮ್ ಮಾರಿ, ಬಂದ ರೂಪಾಯಿ, ಲಿರಾ, ಪೆಸೊ ಎಲ್ಲವನ್ನೂ ಕೊನೆಗೆ ಯೂರೊಗೆ ಬದಲಾಯಿಸಿ ಲೆಕ್ಕ ಬರೆಯುತ್ತಿತ್ತು. 2023ರಲ್ಲಿ ಆ ಕರೆನ್ಸಿಗಳು ಯೂರೊ ಎದುರು ಬಿದ್ದಿದ್ದರಿಂದ ಶೇ 5.7ರಷ್ಟು ಹೊಡೆತ ಬಿತ್ತು. ಕೆಲವು ವ್ಯಾಪಾರಗಳನ್ನು ಮಾರಿದ್ದರಿಂದ ಇನ್ನೊಂದು ಶೇ 1.7 ಹೋಯಿತು. ಶೇ 7 ಬೆಳವಣಿಗೆಯಿಂದ ಇವೆರಡನ್ನೂ ಕಳೆದರೆ ಉಳಿಯೋದು ಇಳಿಕೆಯೇ. ಒಟ್ಟು ವಹಿವಾಟು 5,960 ಕೋಟಿ ಯೂರೊ. ಕರೆನ್ಸಿಯ ಏರಿಳಿತ, ಕೊಂಡಿದ್ದು ಮಾರಿದ್ದು ಎಲ್ಲ ಬದಿಗಿಟ್ಟು ನೋಡುವ ಬೆಳವಣಿಗೆಗೆ ಕಂಪನಿ 'ಅಂಡರ್‌ಲೈಯಿಂಗ್ ಸೇಲ್ಸ್ ಗ್ರೋತ್' ಅನ್ನುತ್ತದೆ. ಶೇ 7 ಅನ್ನೋದು ಅದು. ಇದರಲ್ಲಿ ಮೋಸ ಏನಿಲ್ಲ. ಹಣದುಬ್ಬರ ಹುಚ್ಚುಗಟ್ಟಿರುವ ದೇಶಗಳಲ್ಲಿ ವರ್ಷಕ್ಕೆ ಶೇ 26ಕ್ಕಿಂತ ಹೆಚ್ಚಿನ ಬೆಲೆ ಏರಿಕೆಯನ್ನು ಈ ಲೆಕ್ಕಕ್ಕೆ ಸೇರಿಸೋದೂ ಇಲ್ಲ.

ನಿಜವಾದ ಕಥೆ ಆ 7ರ ಒಳಗಿದೆ.

ಎಂಜಿನಿಯರಿಂಗ್ ಓದಿದವನ ಹಳೇ ಅಭ್ಯಾಸ, ಯಾವ ಸಂಖ್ಯೆ ಕಂಡರೂ ಅದು ಯಾವ ಯಾವುದರ ಗುಣಲಬ್ಧ ಅಂತ ಹುಡುಕುತ್ತೇನೆ. ಮಾರಾಟದ ಹಣ ಅಂದರೆ ಬೆಲೆ ಗುಣಿಸು ಪ್ರಮಾಣ, ಅಷ್ಟೇ. 2023ರ ಶೇ 7ರಲ್ಲಿ ಬೆಲೆ ಏರಿಕೆಯ ಪಾಲು ಶೇ 6.8. ಪ್ರಮಾಣದ ಪಾಲು ಶೇ 0.2. ಅಂದರೆ ಜನ ಹೆಚ್ಚುಕಡಿಮೆ ಹಿಂದಿನ ವರ್ಷದಷ್ಟೇ ಸಾಮಾನು ಕೊಂಡರು, ದುಡ್ಡು ಜಾಸ್ತಿ ಕೊಟ್ಟರು. ಅದರ ಹಿಂದಿನ ವರ್ಷ ಇನ್ನೂ ವಿಚಿತ್ರ. 2022ರಲ್ಲಿ ಬೆಲೆ ಶೇ 11.3 ಏರಿತು, ಪ್ರಮಾಣ ಶೇ 2.1 ಇಳಿಯಿತು, ಆದರೂ ಬೆಳವಣಿಗೆ ಶೇ 9 ಅಂತಾಯಿತು. 2024ರಲ್ಲಿ ಗಾಳಿ ತಿರುಗಿತು, ಬೆಲೆ ಶೇ 1.3, ಪ್ರಮಾಣ ಶೇ 2.9.

ಮೂರೂ ವರ್ಷಗಳನ್ನು ಗುಣಿಸಿ ನೋಡಿ. ಬೆಲೆ ಸುಮಾರು ಶೇ 20ರಷ್ಟು ಮೇಲಕ್ಕೆ. ಪ್ರಮಾಣ ಶೇ 1ರ ಆಸುಪಾಸು.

ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಉಕ್ರೇನ್ ಯುದ್ಧದ ಹೊತ್ತಿಗೆ ತಾಳೆ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಕಚ್ಚಾ ತೈಲ ಎಲ್ಲದರ ಬೆಲೆ ಹಾರಿತ್ತು. ಸಾಬೂನಿನಿಂದ ಮಯೊನೇಸ್‌ವರೆಗೆ ಎಲ್ಲಕ್ಕೂ ಎಣ್ಣೆಯೇ ಬುನಾದಿ. ಮೊದಲು ಏಟು ತಿಂದಿದ್ದೂ ಕಂಪನಿಯೇ. 2021ರಲ್ಲಿ ಶೇ 18.4 ಇದ್ದ ಅಂಡರ್‌ಲೈಯಿಂಗ್ ಆಪರೇಟಿಂಗ್ ಮಾರ್ಜಿನ್ 2022ರಲ್ಲಿ ಶೇ 16.1ಕ್ಕೆ ಇಳಿಯಿತು. ಆಮೇಲೆ 16.7. 2024ರಲ್ಲಿ? ಮತ್ತೆ 18.4. ಹೊರಟ ಜಾಗಕ್ಕೇ, ದಶಮಾಂಶದ ಲೆಕ್ಕದಲ್ಲಿ, ವಾಪಸ್ ಬಂತು.

ಏಟು ವಾಪಸ್ ಹೋಯಿತು, ಬೆಲೆ ಮಾತ್ರ ಅಲ್ಲೇ ನಿಂತಿತು. ಗ್ರಾಸ್ ಮಾರ್ಜಿನ್ ಎರಡು ವರ್ಷದಲ್ಲಿ ಶೇ 40.2ರಿಂದ ಸುಮಾರು 45ಕ್ಕೆ ಏರಿತು. ಹೀಗೆ ಸಿಕ್ಕಿದ್ದರಲ್ಲಿ ದೊಡ್ಡ ಭಾಗ ಜಾಹೀರಾತಿಗೆ ಹೋಗಿದೆ. ಬ್ರ್ಯಾಂಡ್ ಮತ್ತು ಮಾರ್ಕೆಟಿಂಗ್ ಖರ್ಚು ವಹಿವಾಟಿನ ಶೇ 13ರಿಂದ 15.5ಕ್ಕೆ ಏರಿದೆ. ನಾವು ಡವ್‌ಗೆ ಕೊಟ್ಟ ಹೆಚ್ಚುವರಿ ದುಡ್ಡಿನ ಒಂದು ಪಾಲು ಡವ್ ಕೊಳ್ಳಿ ಅಂತ ನಮಗೇ ಹೇಳೋದಕ್ಕೆ ಖರ್ಚಾಗಿದೆ! ಇನ್ನೊಂದು ಕಡೆ ಉಳಿತಾಯದ ಹೆಸರಲ್ಲಿ ಜಗತ್ತಿನಾದ್ಯಂತ 7,500ರಷ್ಟು, ಹೆಚ್ಚಾಗಿ ಆಫೀಸಿನ, ಹುದ್ದೆಗಳಿಗೆ ಕತ್ತರಿ ಹಾಕುವ ಯೋಜನೆಯನ್ನು 2024ರ ಮಾರ್ಚ್‌ನಲ್ಲಿ ಪ್ರಕಟಿಸಿದರು.

ನಿವ್ವಳ ಲಾಭದ ಸಾಲನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ. 2022ರಲ್ಲಿ ಅದು ಜಿಗಿದಿದ್ದಕ್ಕೆ ಮುಖ್ಯ ಕಾರಣ ಚಹಾ ವ್ಯಾಪಾರವನ್ನು 450 ಕೋಟಿ ಯೂರೊಗೆ ಮಾರಿದ್ದು. (ಭಾರತ, ನೇಪಾಳ, ಇಂಡೊನೇಷ್ಯಾದ ಚಹಾ ಆ ಮಾರಾಟದಲ್ಲಿ ಸೇರಿರಲಿಲ್ಲ. ನಮ್ಮ ರೆಡ್ ಲೇಬಲ್, ತ್ರೀ ರೋಸಸ್ ಅಲ್ಲೇ ಉಳಿದವು.) ಮುಂದಿನ ವರ್ಷ ಆ ಒಮ್ಮೆ ಬಂದ ಹಣ ಇರಲಿಲ್ಲ, ಲಾಭ ಬಿದ್ದ ಹಾಗೆ ಕಂಡಿತು. 2024ರಲ್ಲೂ ಕೆಲವು ವ್ಯಾಪಾರಗಳನ್ನು ಕೈಬಿಟ್ಟಿದ್ದರಿಂದಾದ ನಷ್ಟ ಲಾಭವನ್ನು ಎಳೆಯಿತು. ಮನೆ ಮಾರಿದ ವರ್ಷ ಸಂಬಳ ಏರಿತು ಅಂತ ಯಾರಾದ್ರೂ ಹೇಳ್ತಾರಾ?

ನಮ್ಮೂರಿನ ಅಂಗಡಿಯಲ್ಲಿ ಈ 'ಬೆಲೆ ಏರಿಕೆ' ಎಷ್ಟೋ ಸಲ ಬೆಲೆಯಾಗಿ ಕಾಣುವುದೇ ಇಲ್ಲ. ಐದು, ಹತ್ತು ರೂಪಾಯಿಯ ಪ್ಯಾಕೆಟ್‌ನ ಬೆಲೆ ಮುಟ್ಟುವುದು ಕಷ್ಟ, ಚಿಲ್ಲರೆ ಸಮಸ್ಯೆ, ಗಿರಾಕಿ ತಪ್ಪುವ ಭಯ. ಹಾಗಾಗಿ ಗ್ರಾಂ ಇಳಿಸುತ್ತಾರೆ. ಅದೇ ಹತ್ತು ರೂಪಾಯಿ, ಒಳಗೆ ಕಡಿಮೆ ಪುಡಿ. ಕೊಳ್ಳುವವರ ಸಂಖ್ಯೆ ಒಂದೂ ಕಡಿಮೆಯಾಗದಿದ್ದರೂ ತೂಕದ ಲೆಕ್ಕದಲ್ಲಿ ಪ್ರಮಾಣ ಇಳಿಯುತ್ತದೆ, ಕಿಲೋ ಲೆಕ್ಕದ ಬೆಲೆ ಏರುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡ ಚಿಕ್ಕಪ್ಪ, "ಸರಿ, ಸಾಬೂನಿಗೆ ಜಾಸ್ತಿ ಕೊಟ್ಟೆ. ಷೇರುದಾರನಾಗಿ ನನಗೆ ಬಂತಲ್ಲ?" ಅಂದರು. ಪೂರ್ತಿ ಅಲ್ಲ ಅಂದೆ. ಬ್ರ್ಯಾಂಡ್, ತಂತ್ರಜ್ಞಾನ, ಸೇವೆಗಳಿಗಾಗಿ ಹಿಂದೂಸ್ತಾನ್ ಯೂನಿಲಿವರ್ ತನ್ನ ತಾಯಿ ಕಂಪನಿಗೆ ಶುಲ್ಕ ಕಟ್ಟುತ್ತದೆ. ವಹಿವಾಟಿನ ಶೇ 2.65 ಇದ್ದ ಅದನ್ನು ಮೂರು ವರ್ಷದಲ್ಲಿ ಹಂತಹಂತವಾಗಿ ಶೇ 3.45ಕ್ಕೆ ಏರಿಸಲು 2023ರ ಜನವರಿಯಲ್ಲೇ ಮಂಡಳಿ ಒಪ್ಪಿತ್ತು. ಇದು ಲಾಭದ ಮೇಲಲ್ಲ, ವಹಿವಾಟಿನ ಮೇಲೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಪ್ರಮಾಣದ ಸಾಲು ವರದಿಯಲ್ಲಿ ಎಲ್ಲಿರುತ್ತೆ, ಪುಟ ಹೇಳು" ಅಂದರು.