ನಾಳೆ ಬರೆಯುವ ಕಥೆ

1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ಮನೆಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಎರಡು ಪದಗಳು ಕಾಣಿಸಿಕೊಂಡವು. ರಾತ್ರಿಯಲ್ಲಿ ಬಂದು ಬಾಗಿಲು ತಟ್ಟುವ ದೆವ್ವವು ಈ ಬರಹವನ್ನೋದಿ ಹಿಂದಿರುಗುವುದೆಂದೂ, ಮರುದಿನ ಬಂದಾಗಲೂ ಅದನ್ನೇ ಓದಿ ಮತ್ತೆ ಹಿಂದಿರುಗುವುದೆಂದೂ ಜನರು ಹೇಳಿಕೊಳ್ಳುತ್ತಿದ್ದರು. ದೆವ್ವದ ವಿಚಾರ ಹೇಗಾದರೂ ಇರಲಿ. ಆ ಎರಡು ಪದಗಳಲ್ಲಿ ಅಡಗಿರುವ ಉಪಾಯವು ಮಾತ್ರ ನಿಜವಾದುದು. ‘ನಾಳೆ ಬಾ’ ಎಂದರೆ ನಿರಾಕರಣೆಯಲ್ಲ, ಸ್ವಾಗತವೂ ಅಲ್ಲ; ಆದರೂ ಬಂದವರು ಎಂದೆಂದಿಗೂ ಒಳಗೆ ಬರಲಾರರು. ಕಥೆ ಬರೆಯಬೇಕೆಂಬ ಆಸೆಯುಳ್ಳ ತರುಣ ತರುಣಿಯರಲ್ಲಿ ಅನೇಕರು ತಮ್ಮ ಕಥೆಗಳ ಮುಂದೆ ಇದೇ ಫಲಕವನ್ನು ತೂಗಹಾಕಿರುತ್ತಾರೆ.

ಇಂತಹವರನ್ನು ನಾವು ಕಾಲೇಜಿನಲ್ಲಿ ಪ್ರತಿವರ್ಷವೂ ಕಾಣುತ್ತೇವೆ. ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಒಪ್ಪಿಸಬೇಕಾದ ದಿನ ಸಮೀಪಿಸಿದರೆ, ಹಿಂದಿನ ರಾತ್ರಿಯಾದರೂ ಕುಳಿತು ಅದನ್ನು ಮುಗಿಸುವರು. ಆದರೆ ಎರಡು ವರ್ಷಗಳಿಂದ ಮನಸ್ಸಿನಲ್ಲಿರುವ ಕಥೆಯ ಒಂದು ವಾಕ್ಯವೂ ಕಾಗದಕ್ಕೆ ಇಳಿದಿರುವುದಿಲ್ಲ. ದಾಖಲೆ ಪುಸ್ತಕವನ್ನು ಕೇಳುವವರಿದ್ದಾರೆ, ಕಥೆಯನ್ನು ಕೇಳುವವರಿಲ್ಲ. ಅದನ್ನು ಬರೆಯದಿದ್ದರೆ ಯಾರೂ ಅಂಕ ಕಳೆಯುವುದಿಲ್ಲ. ಆದರೂ ನಷ್ಟವು ಸಣ್ಣದಲ್ಲ. ಸರಳ ಲೋಲಕದ ಪ್ರಯೋಗವನ್ನು ಲಕ್ಷಾಂತರ ಮಂದಿ ಮಾಡಿರುವರು, ಮುಂದೆಯೂ ಮಾಡುವರು. ಒಬ್ಬನು ತನ್ನ ಓಣಿಯಲ್ಲಿ ಕಂಡುದನ್ನು, ತನ್ನ ಅಜ್ಜಿಯ ಬಾಯಿಂದ ಕೇಳಿದುದನ್ನು ಅವನೇ ಬರೆಯದಿದ್ದರೆ ಬೇರೆ ಯಾರೂ ಬರೆಯಲಾರರು. ಆದುದರಿಂದ ಈ ಮುಂದೂಡುವಿಕೆಯ ಸ್ವರೂಪವೇನು, ಅದಕ್ಕೆ ಪರಿಹಾರವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮುಂದೂಡುವವನನ್ನು ಲೋಕವು ಸೋಮಾರಿ ಎಂದು ಕರೆಯುತ್ತದೆ. ಇದು ಸರಿಯಾದ ರೋಗನಿರ್ಣಯವಲ್ಲ. ಸೋಮಾರಿಯು ಏನನ್ನೂ ಮಾಡದೆ ಸುಖವಾಗಿರುವನು. ಮುಂದೂಡುವವನಾದರೋ ಮೇಜನ್ನು ಒರೆಸುತ್ತಾನೆ, ಪುಸ್ತಕಗಳನ್ನು ಜೋಡಿಸುತ್ತಾನೆ, ಮೊಬೈಲನ್ನು ನಾಲ್ಕು ಸಲ ತೆಗೆದು ನೋಡುತ್ತಾನೆ, ಮತ್ತು ಆ ಹೊತ್ತೆಲ್ಲ ಒಳಗೊಳಗೇ ಕೊರಗುತ್ತಿರುತ್ತಾನೆ. ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೊವಾ ಮತ್ತು ಟಿಮೊತಿ ಪಿಚಿಲ್ ಎಂಬವರು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ವಿವರಣೆಯಿದೆ. ಮುಂದೂಡುವವನು ತಪ್ಪಿಸಿಕೊಳ್ಳುವುದು ಕೆಲಸದಿಂದಲ್ಲ, ಆ ಕೆಲಸವು ಎಬ್ಬಿಸುವ ಅಹಿತಕರವಾದ ಭಾವನೆಯಿಂದ ಎಂಬುದು ಅದರ ಸಾರ. ಕಥೆಯ ವಿಷಯದಲ್ಲಿ ಈ ಭಾವನೆ ಯಾವುದೆಂದು ಊಹಿಸುವುದು ಕಷ್ಟವಲ್ಲ. ಮನಸ್ಸಿನಲ್ಲಿರುವ ಕಥೆ ನಿರ್ದೋಷವಾದುದು. ಕಾಗದಕ್ಕೆ ಇಳಿದ ಕ್ಷಣವೇ ಅದರ ಕುಂದುಗಳು ಕಾಣತೊಡಗುವುವು. ಆ ನಿರಾಶೆಯನ್ನು ನಾಳೆಗೆ ತಳ್ಳುವುದು ಇಂದಿಗೆ ಹಿತವೆನಿಸುವುದು.

ಕಥೆ ಮುಗಿದಾಗ ದೊರೆಯುವ ಸಂತೋಷವು ಈ ಅಲ್ಪ ಕಷ್ಟಕ್ಕಿಂತ ಬಹು ದೊಡ್ಡದಲ್ಲವೆ? ಹೌದು, ಆದರೆ ಅದು ದೂರದಲ್ಲಿದೆ. ಒಂದು ಸುಲಭವಾದ ಪ್ರಯೋಗವನ್ನು ಮಾಡಿರಿ. ಹುಣ್ಣಿಮೆಯ ರಾತ್ರಿ ಒಂದು ಕಡಲೆಕಾಳನ್ನು ಬೆರಳುಗಳ ತುದಿಯಲ್ಲಿ ಹಿಡಿದು, ತೋಳನ್ನು ಪೂರ್ತಿಯಾಗಿ ಚಾಚಿ, ಒಂದು ಕಣ್ಣನ್ನು ಮುಚ್ಚಿ ನೋಡಿರಿ. ಸುಮಾರು 3,474 ಕಿಲೋಮೀಟರು ವ್ಯಾಸವುಳ್ಳ ಚಂದ್ರನು ಆ ಕಾಳಿನ ಹಿಂದೆ ಸಂಪೂರ್ಣವಾಗಿ ಮರೆಯಾಗುವನು. ಕಣ್ಣು ಅಳೆಯುವುದು ಗಾತ್ರವನ್ನಲ್ಲ, ಕೋನವನ್ನು. ಮನಸ್ಸೂ ಕಾಲದ ವಿಷಯದಲ್ಲಿ ಬಹುಮಟ್ಟಿಗೆ ಹೀಗೆಯೇ ವರ್ತಿಸುವುದು. ಫಲವು ಹತ್ತಿರವಾದಂತೆಲ್ಲ ಅದರ ಸೆಳೆತವು ಕಡಿದಾಗಿ ಏರುವುದೆಂದೂ, ಆದುದರಿಂದಲೇ ಸಮೀಪದ ಸಣ್ಣ ಸುಖವು ದೂರದ ದೊಡ್ಡ ಲಾಭವನ್ನು ಸೋಲಿಸಬಲ್ಲುದೆಂದೂ ಅಮೆರಿಕದ ಜಾರ್ಜ್ ಐನ್ಸ್‌ಲಿ 1975ರಲ್ಲಿಯೇ ವಾದಿಸಿದರು.

ಹಾಗಾದರೆ ದೂರದಲ್ಲಿರುವುದನ್ನು ಹತ್ತಿರಕ್ಕೆ ತಂದರೆ ಏನಾಗುವುದು? ರಷ್ಯದ ಕಾದಂಬರಿಕಾರ ದಾಸ್ತೋವ್ಸ್ಕಿಯ ಬಾಳಿನಲ್ಲಿ ಇದಕ್ಕೆ ಉತ್ತಮವಾದ ನಿದರ್ಶನವಿದೆ. ಸಾಲದಲ್ಲಿ ಮುಳುಗಿದ್ದ ಆತನು 1865ರಲ್ಲಿ ಸ್ಟೆಲ್ಲೋವ್ಸ್ಕಿ ಎಂಬ ಪ್ರಕಾಶಕನೊಡನೆ ಒಪ್ಪಂದ ಮಾಡಿಕೊಂಡನು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿಯೊಂದನ್ನು ಒಪ್ಪಿಸಬೇಕು. ಗಡುವು ತಪ್ಪಿದರೆ ಒಂಬತ್ತು ವರ್ಷಗಳ ಕಾಲ ಆತನ ಕೃತಿಗಳನ್ನು ಪುಕ್ಕಟೆಯಾಗಿ ಅಚ್ಚುಹಾಕಿಕೊಳ್ಳುವ ಹಕ್ಕು ಪ್ರಕಾಶಕನಿಗೆ ಸೇರುವುದು. ಆ ವರ್ಷ ‘ಅಪರಾಧ ಮತ್ತು ಶಿಕ್ಷೆ’ಯ ರಚನೆಯಲ್ಲಿ ಮುಳುಗಿದ್ದ ಆತನು ಅಕ್ಟೋಬರ್ ತಿಂಗಳವರೆಗೂ ಹೊಸ ಕಾದಂಬರಿಯನ್ನು ಬರೆದಿರಲಿಲ್ಲ. ಕೊನೆಗೆ ಆನಾ ಸ್ನಿಟ್ಕಿನಾ ಎಂಬ ಇಪ್ಪತ್ತು ವರ್ಷದ ಶೀಘ್ರಲಿಪಿಗಾರ್ತಿಯ ನೆರವನ್ನು ಪಡೆದು, ‘ಜೂಜುಗಾರ’ ಎಂಬ ಕಾದಂಬರಿಯನ್ನು 26 ದಿನಗಳಲ್ಲಿ ಹೇಳಿ ಬರೆಯಿಸಿ ಮುಗಿಸಿದನು. ಮರುವರ್ಷ ಅವರಿಬ್ಬರ ವಿವಾಹವೂ ನಡೆಯಿತು.

ಈ ವೃತ್ತಾಂತದಲ್ಲಿ ಗಡುವಿನ ಭಯವನ್ನು ಮಾತ್ರ ಕಾಣುವುದು ಸಾಲದು. ಭಯವು ಹಿಂದಿನ ತಿಂಗಳುಗಳಲ್ಲಿಯೂ ಇದ್ದಿತು. ಹೊಸದಾಗಿ ಬಂದುದೆಂದರೆ ದಿನದಿನವೂ ಬಂದು, ಕಾಗದವನ್ನು ಹರಡಿಕೊಂಡು, ಮುಂದಿನ ವಾಕ್ಯಕ್ಕಾಗಿ ಕಾಯುವ ಒಬ್ಬ ವ್ಯಕ್ತಿ. ತಿಂಗಳ ಕೊನೆಯಲ್ಲಿದ್ದ ಕೆಲಸವು ಈ ದಿನದ ಕೆಲಸವಾಯಿತು.

ನಮಗೆ ಅಂತಹ ಪ್ರಕಾಶಕನೂ ಇಲ್ಲ, ಶೀಘ್ರಲಿಪಿಗಾರ್ತಿಯೂ ಇಲ್ಲ. ಆದರೆ ಕೆಲಸವನ್ನು ಈ ದಿನಕ್ಕೆ ತರುವ ಬೇರೊಂದು ಉಪಾಯವುಂಟು. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಕ್ರಿಸ್‌ಮಸ್ ಹಬ್ಬದ ಮುನ್ನಾ ದಿನವನ್ನು ತಾವು ಕಳೆದ ಬಗೆಯನ್ನು 48 ಗಂಟೆಗಳೊಳಗೆ ಬರೆದು ಕಳುಹಿಸಬೇಕೆಂದು ವಿದ್ಯಾರ್ಥಿಗಳನ್ನು ಕೇಳಲಾಗಿತ್ತು. ಅವರಲ್ಲಿ ಅರ್ಧದಷ್ಟು ಮಂದಿ ಮಾತ್ರ, ಯಾವ ಹೊತ್ತಿಗೆ, ಯಾವ ಸ್ಥಳದಲ್ಲಿ ಕುಳಿತು ಬರೆಯುವೆವೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರು. ಹೀಗೆ ಗೊತ್ತುಮಾಡಿಕೊಳ್ಳದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಂದಿ ಅವಧಿಯೊಳಗೆ ಬರೆದರು. ಗೊತ್ತುಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಬರೆದರು. ‘ಬರೆಯುತ್ತೇನೆ’ ಎಂಬ ಸಂಕಲ್ಪಕ್ಕೂ, ‘ಬೆಳಿಗ್ಗೆ ಆರು ಗಂಟೆಗೆ ಕಿಟಕಿಯ ಪಕ್ಕದ ಮೇಜಿನಲ್ಲಿ ಬರೆಯುತ್ತೇನೆ’ ಎಂಬ ಸಂಕಲ್ಪಕ್ಕೂ ಇಷ್ಟು ಅಂತರವಿದೆ.

ಇದನ್ನು ಬಾಳಿನುದ್ದಕ್ಕೂ ಆಚರಿಸಿದವನು ಇಂಗ್ಲೆಂಡಿನ ಆಂಟನಿ ಟ್ರಾಲಪ್. ಅಂಚೆ ಇಲಾಖೆಯಲ್ಲಿ ಹಲವು ದಶಕಗಳ ಕಾಲ ನೌಕರಿ ಮಾಡಿದ ಈತನು ಬೆಳಿಗ್ಗೆ ಐದೂವರೆ ಗಂಟೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದನು. ತನ್ನನ್ನು ಎಬ್ಬಿಸಿ ಕಾಫಿ ಕೊಡುವುದಕ್ಕಾಗಿ ಸೇವಕನಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಾಗಿ ಕೊಡುತ್ತಿದ್ದನು. ಆತನು 47 ಕಾದಂಬರಿಗಳನ್ನು ಬರೆದನು. ನಮ್ಮಲ್ಲಿಯೂ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದುಕೊಂಡೇ ಕನ್ನಡ ಸಣ್ಣಕಥೆಗೆ ಅಡಿಪಾಯ ಹಾಕಿದರು. ಬಿಡುವು ಸಿಕ್ಕ ಮೇಲೆ ಬರೆಯೋಣವೆಂದು ಇವರು ಕಾಯಲಿಲ್ಲ.

‘ಗಡಿಯಾರ ನೋಡಿ ಬರೆದರೆ ಸ್ಫೂರ್ತಿ ಬಂದೀತೆ?’ ಎಂದು ಕೆಲವರು ಕೇಳಬಹುದು. ಅಮೆರಿಕದ ರಾಬರ್ಟ್ ಬಾಯ್ಸ್ ಎಂಬವರು 1983ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಅವರು 27 ಮಂದಿ ಅಧ್ಯಾಪಕರನ್ನು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪು ತೀರ ಅಗತ್ಯವಿಲ್ಲದೆ ಬರೆಯಕೂಡದು. ಎರಡನೆಯದು ಮನಸ್ಸು ಬಂದಾಗ ಬರೆಯಬಹುದು. ಮೂರನೆಯದು ಗೊತ್ತಾದ ದಿನಗಳಲ್ಲಿ ಬರೆಯಲೇಬೇಕು, ತಪ್ಪಿದರೆ ದಂಡ. ಮೂರನೆಯ ಗುಂಪಿನವರು ಅತ್ಯಧಿಕ ಪುಟಗಳನ್ನು ಬರೆದುದು ಆಶ್ಚರ್ಯವಲ್ಲ. ಹೊಸ ಆಲೋಚನೆಗಳು ಹೆಚ್ಚಾಗಿ ಹೊಳೆದುದೂ ಅವರಿಗೇ. ಇವರು ಕಥೆಗಾರರಲ್ಲ, ಗುಂಪುಗಳೂ ಚಿಕ್ಕವು. ಆದರೂ ಸ್ಫೂರ್ತಿಯು ಬರವಣಿಗೆಯ ಮುಂದೆ ನಡೆಯುವುದಕ್ಕಿಂತ ಅದರ ಜೊತೆಯಲ್ಲಿ ನಡೆಯುವುದೇ ಹೆಚ್ಚೆಂದು ಇದರಿಂದ ತೋರುತ್ತದೆ.

ಇನ್ನು ಮೊದಲನೆಯ ವಾಕ್ಯದ ಕಷ್ಟ. ಭೌತಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಉಕ್ಕಿನ ಮೇಲೆ ಒಣ ಉಕ್ಕಿನ ಸ್ಥಿತ ಘರ್ಷಣಾಂಕವನ್ನು 0.74 ಎಂದೂ, ಚಲನ ಘರ್ಷಣಾಂಕವನ್ನು 0.57 ಎಂದೂ ಕೊಟ್ಟಿರುತ್ತಾರೆ. ಎಂದರೆ, ನಿಂತಿರುವ ವಸ್ತುವನ್ನು ಹೊರಡಿಸುವುದಕ್ಕೆ ಬೇಕಾಗುವ ಬಲವು, ಹೊರಟ ಮೇಲೆ ನಡೆಯಿಸುವುದಕ್ಕೆ ಬೇಕಾಗುವ ಬಲಕ್ಕಿಂತ ಅಧಿಕ. ಮನಸ್ಸು ಉಕ್ಕಿನ ತುಂಡಲ್ಲ; ಇದು ಹೋಲಿಕೆ ಮಾತ್ರ, ಪ್ರಮಾಣವಲ್ಲ. ಆದರೆ ಬರೆದು ನೋಡಿದವರೆಲ್ಲರೂ ಇದನ್ನು ಒಪ್ಪುವರು. ಮೊದಲ ಐದು ನಿಮಿಷಗಳ ಭಾರವನ್ನು ಕಂಡು ಇಡೀ ಗಂಟೆಯೂ ಅಷ್ಟೇ ಭಾರವಾಗಿರುವುದೆಂದು ತಿಳಿಯುವುದು ತಪ್ಪು ಲೆಕ್ಕ.

ಆದಕಾರಣ ಹೊರಡುವ ಭಾರವನ್ನು ಕಡಮೆಮಾಡಿಕೊಳ್ಳುವುದೇ ಜಾಣತನ. ಟ್ರಾಲಪನ ಪ್ರಮಾಣವು ನಮಗೆ ಬೇಡ. ದಿನಕ್ಕೆ ನೂರು ಪದಗಳು ಸಾಕು. ಕಾಲು ಗಂಟೆಯ ಕೆಲಸ. ತಿಂಗಳಿಗೆ 3,000 ಪದಗಳಾದುವು, ಒಂದು ಸಣ್ಣಕಥೆಯಾಯಿತು. ವರ್ಷಕ್ಕೆ 36,500 ಪದಗಳು, ಒಂದು ಕಿರುಕಾದಂಬರಿ. ಮೊದಲ ಕರಡು ಕೆಟ್ಟದಾಗಿದ್ದರೆ ಅಂಜಬೇಕಾಗಿಲ್ಲ. ಬರೆದುದನ್ನು ತಿದ್ದಬಹುದು, ಬರೆಯದಿರುವುದನ್ನು ತಿದ್ದುವ ವಿದ್ಯೆಯನ್ನು ಯಾರೂ ಕಂಡುಹಿಡಿದಿಲ್ಲ. ವಾರಕ್ಕೊಮ್ಮೆ ಪುಟಗಳನ್ನು ಕೇಳಿ ಪಡೆದು ಓದುವ ಒಬ್ಬ ಗೆಳೆಯನನ್ನು ಗೊತ್ತುಮಾಡಿಕೊಂಡರೆ ಇನ್ನೂ ಒಳ್ಳೆಯದು.

ಈ ಲೇಖನವನ್ನು ಓದಿ ಮುಗಿಸಿದ ಕೂಡಲೇ ಒಂದು ಚೀಟಿಯಲ್ಲಿ ಮೂರು ಸಂಗತಿಗಳನ್ನು ಬರೆದುಕೊಳ್ಳಿರಿ: ಯಾವ ಹೊತ್ತು, ಯಾವ ಜಾಗ, ಎಷ್ಟು ಪದ. ಬಳಿಕ ಅದೇ ಚೀಟಿಯ ಹಿಂಬದಿಯಲ್ಲಿ ಕಥೆಯ ಮೊದಲ ವಾಕ್ಯವನ್ನು ಬರೆಯಿರಿ. ಅದು ಚೆನ್ನಾಗಿರಬೇಕಾಗಿಲ್ಲ, ಇದ್ದರೆ ಸಾಕು.