ಮೋಟರಿನ ಸಂದಿಗೆ ಕಾಂತದ್ರವ ತುಂಬಿದರೆ?

ಪ್ರಶ್ನೆ: ಮೋಟರಿನ ರೋಟರ್ ಮತ್ತು ಸ್ಟೇಟರ್ ನಡುವಿನ ಸಂದಿಗೆ ಗಾಳಿಯ ಬದಲು ಕಾಂತದ್ರವ ತುಂಬಿದರೆ ಅದರ ಶಕ್ತಿ ಹೆಚ್ಚುತ್ತದೆಯೇ?

ಉತ್ತರ: ಒಳ್ಳೆಯ ಯೋಚನೆ, ಅದಕ್ಕೆ ಗಟ್ಟಿ ಬುಡವೂ ಇದೆ. ಕಬ್ಬಿಣದೊಳಗೆ ಸರಾಗವಾಗಿ ಸಾಗುವ ಕಾಂತಕ್ಷೇತ್ರ ಆ ಕಿರುಸಂದಿಯನ್ನು ದಾಟಲು ಹೆಣಗುತ್ತದೆ. ಇಂಡಕ್ಷನ್ ಮೋಟರಿನಲ್ಲಿ ಕಾಂತಕ್ಷೇತ್ರ ಹುಟ್ಟಿಸಲು ಬೇಕಾದ ಕರೆಂಟಿನ ದೊಡ್ಡ ಪಾಲು ಅಲ್ಲೇ ಖರ್ಚಾಗುತ್ತದೆ.

ಕಾಂತದ್ರವವೆಂದರೆ ಸುಮಾರು 10 ನ್ಯಾನೋಮೀಟರ್ ಗಾತ್ರದ ಮ್ಯಾಗ್ನಟೈಟ್ ಕಣಗಳು ಎಣ್ಣೆಯಲ್ಲಿ ತೇಲುತ್ತಿರುವ ದ್ರವ. ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಸಾಬೂನಿನ ಗುಣದ ಲೇಪವಿರುತ್ತದೆ. 1960ರ ದಶಕದಲ್ಲಿ ನಾಸಾದ ಸ್ಟೀವ್ ಪೇಪೆಲ್ ಇದನ್ನು ರೂಪಿಸಿದ್ದು ತೂಕವಿಲ್ಲದ ಸ್ಥಿತಿಯಲ್ಲಿ ರಾಕೆಟ್ ಇಂಧನವನ್ನು ಕಾಂತದಿಂದ ಎಳೆಯಲೆಂದು.

ತೊಡಕಿರುವುದು ಅಳತೆಯಲ್ಲಿ. ಕಬ್ಬಿಣ ಸುಮಾರು 2 ಟೆಸ್ಲಾವರೆಗೆ ಕಾಂತತ್ವ ತಳೆಯಬಲ್ಲದು. ಸಾಮಾನ್ಯ ಕಾಂತದ್ರವದ ಮಿತಿ 0.1 ಟೆಸ್ಲಾದ ಆಸುಪಾಸು. ಮೋಟರಿನ ಸಂದಿಯಲ್ಲಿ ಅದರ ಹಲವು ಪಟ್ಟು ಕ್ಷೇತ್ರವಿರುವುದರಿಂದ ದ್ರವದ ನೆರವು ಅತ್ಯಲ್ಪ. ಮೇಲಾಗಿ, ನಿಮಿಷಕ್ಕೆ 1440 ಸುತ್ತು ತಿರುಗುವ ರೋಟರ್ ಎಣ್ಣೆ ಕಲಕುತ್ತಾ ಓಡಬೇಕು. ಉಳಿಸಿದ್ದಕ್ಕಿಂತ ಹೆಚ್ಚು ಶಕ್ತಿ ಬಿಸಿಯಾಗಿ ಹೋಗುತ್ತದೆ.

ಆದರೂ ಇದನ್ನು ಕೈಬಿಡಬೇಕಿಲ್ಲ. ಧ್ವನಿವರ್ಧಕಗಳಲ್ಲಿ ಇದು ಸುರುಳಿಯ ಬಿಸಿ ಹೀರುತ್ತದೆ, ನಿರ್ವಾತ ಯಂತ್ರಗಳ ಶಾಫ್ಟಿಗೆ ಸೀಲ್ ಆಗುತ್ತದೆ. ಸ್ಟೆಪ್ಪರ್ ಮೋಟರುಗಳಲ್ಲಂತೂ ದ್ರವದ ಜಿಗುಟೇ ವರ: ಪ್ರತಿ ಹೆಜ್ಜೆಯ ಕೊನೆಯಲ್ಲಿ ರೋಟರ್ ಓಲಾಡದೆ ಬೇಗ ನಿಲ್ಲುತ್ತದೆ.